ಆಟ ಯಾರದು, ಅಲೆ ಯಾರದು?

ಜಿಲ್ಲಾ ಮಟ್ಟದ ಒಂದು ಒಳ್ಳೆಯ ಕಬಡ್ಡಿ ಪಂದ್ಯವನ್ನು ನಮ್ಮ ರೇಡಿಯೋ ಏಕೆ ನೇರವಾಗಿ ಬಿತ್ತರಿಸಬಾರದು ಎಂದು ಬಾನುಲಿ ನಿಲಯವೊಂದರ ಅಧಿಕಾರಿಯನ್ನು ಒಮ್ಮೆ ಕೇಳಿದೆ. 'ಹಕ್ಕು ಯಾರ ಹತ್ತಿರ ಇದೆಯೋ ನೋಡಬೇಕಲ್ಲ ಸಾರ್' ಎಂದರು. ಕಾಲೇಜು ಮೈದಾನದಲ್ಲಿ ನಡೆಯುವ ಆಟಕ್ಕೆ ಹಕ್ಕನ್ನು ಮಾರಿದವರೂ ಇಲ್ಲ, ಕೊಂಡವರೂ ಇಲ್ಲ. ಆದರೆ ಆ ಮಾತು ಈಗ ಒಂದು ಮಂತ್ರವಾಗಿಬಿಟ್ಟಿದೆ. ಅದರಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಸೋಮಾರಿತನ ಎಂಬುದು ನನ್ನ ತಕರಾರು.

ನಿಜವಾದ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ. 1993ರ ಹೀರೋ ಕಪ್ ಕ್ರಿಕೆಟ್ಟಿನ ಪ್ರಸಾರದ ಹಕ್ಕನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಕೊಟ್ಟಾಗ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಗಾಳಿಯಲ್ಲಿ ಹರಿಯುವ ಅಲೆಗಳು ಸಾರ್ವಜನಿಕರ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು 1995ರ ಫೆಬ್ರವರಿಯಲ್ಲಿ ತೀರ್ಪು ಬಂತು. ಅಲೆ ಜನರದಾಯಿತು, ಆಟ ಮಾತ್ರ ಹಣ ಕೊಟ್ಟವರದಾಯಿತು. 2007ರಲ್ಲಿ ಬಂದ ಕಾಯಿದೆ, ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಲೇಬೇಕು ಎಂದಿತು. ಜಾಹೀರಾತಿನ ಆದಾಯದಲ್ಲಿ ಟಿವಿಯಾದರೆ ನೂರಕ್ಕೆ 75ಕ್ಕೆ ಕಡಿಮೆಯಿಲ್ಲದಂತೆ ಹಕ್ಕುದಾರನಿಗೆ, ರೇಡಿಯೋ ಆದರೆ 50. ಬಡ ಮಾಧ್ಯಮಕ್ಕೆ ಕಾನೂನು ತೋರಿದ ದಾಕ್ಷಿಣ್ಯ ಅಷ್ಟು.

ಆದರೆ ಈ ಲೆಕ್ಕವೆಲ್ಲ ದೊಡ್ಡ ಆಟಗಳದ್ದು. ಖಾಸಗಿ ಎಫ್.ಎಂ.ಗಳಿಗೆ ಕ್ರೀಡೆಯ ನೇರ ಪ್ರಸಾರ ಕೂಡದು ಎಂದ 2011ರ ನೀತಿಯೇ, ಸ್ಥಳೀಯ ಪಂದ್ಯಗಳ ವೀಕ್ಷಕ ವಿವರಣೆಗೆ ಅವಕಾಶವನ್ನೂ ಇಟ್ಟಿತು. ಆಕಾಶವಾಣಿಗಂತೂ ಆ ನಿರ್ಬಂಧ ಅನ್ವಯಿಸುವುದೇ ಇಲ್ಲ. ಬಾಗಿಲಿಗೆ ಬೀಗವಿಲ್ಲ, ತಳ್ಳಿ ನೋಡುವವರಿಲ್ಲ.

ಇನ್ನೊಂದು ನೆಪ 'ರೀಚ್' ಇಲ್ಲ ಎಂಬುದು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೆಂಗಳೂರು ನಿಲಯ 612 ಕಿಲೋಹರ್ಟ್ಸ್‌ನಲ್ಲಿ, ಧಾರವಾಡ 765ರಲ್ಲಿ ದಶಕಗಳ ಕಾಲ 200 ಕಿಲೋವ್ಯಾಟ್ ಶಕ್ತಿಯಿಂದ ಮಾತನಾಡಿದವು. ಮಧ್ಯಮ ತರಂಗ ನೆಲವನ್ನು ತಬ್ಬಿಕೊಂಡು ಹಗಲಿನಲ್ಲಿ ಹಲವು ಜಿಲ್ಲೆಗಳನ್ನು ದಾಟಿ ಹೋಗುತ್ತದೆ. ರಾತ್ರಿಯಾದರೆ ಮೇಲಿನ ಆಕಾಶದಿಂದ ಪುಟಿದು ಇನ್ನೂ ದೂರ ಬೀಳುತ್ತದೆ, ಜೊತೆಗೆ ಪರಊರಿನ ನಿಲಯಗಳ ಗಲಾಟೆಯನ್ನೂ ತರುತ್ತದೆ. ಎಫ್.ಎಂ. ಹಾಗಲ್ಲ. ಸದ್ದು ನಿರ್ಮಲ, ಆದರೆ ಓಟ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ. ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಮುಗಿಯಿತು. ನೂರು ವ್ಯಾಟಿನ ಸಮುದಾಯ ಬಾನುಲಿಗೆ ಐದರಿಂದ ಹತ್ತು ಕಿಲೋಮೀಟರ್. ದೇಶದ ಪಂದ್ಯಕ್ಕೆ ಇದು ಸಾಲದು, ಒಪ್ಪಿದೆ. ತಾಲ್ಲೂಕಿನ ಪಂದ್ಯಕ್ಕೆ ತಾಲ್ಲೂಕು ಮುಟ್ಟಿದರೆ ಸಾಕಲ್ಲವೇ? ಆ ಆಟಗಾರನ ತಾಯಿ ಇರುವುದು ಆ ಹತ್ತು ಕಿಲೋಮೀಟರಿನ ಒಳಗೇ.

ನಿಜವಾದ ತೊಡಕು ಕಾರ್ಯಕ್ರಮದ ಅಚ್ಚಿನಲ್ಲಿದೆ. ಖಾಸಗಿ ನಿಲಯಗಳ ಅಚ್ಚು ಎಲ್ಲರಿಗೂ ಗೊತ್ತು: ಸಿನಿಮಾ ಹಾಡು, ಹರಟೆ, ಟ್ರಾಫಿಕ್ಕು, ಮತ್ತೆ ಹಾಡು. ಆಕಾಶವಾಣಿಯ ಅಚ್ಚು 'ಫಿಕ್ಸೆಡ್ ಪಾಯಿಂಟ್ ಚಾರ್ಟ್' ಎಂಬ ವೇಳಾಪಟ್ಟಿ. ಒಂದು ನಿಮಿಷ ಆಚೀಚೆ ಆಗುವಂತಿಲ್ಲ. ಆಟಕ್ಕೆ ಗಡಿಯಾರದ ಭಯವಿಲ್ಲ. ಕೊನೆಯ ಜೋಡಿ ಕ್ರೀಸಿನಲ್ಲಿದ್ದಾಗ ವಾರ್ತೆಯ ಹೊತ್ತಾಯಿತೆಂದು ಕಾಮೆಂಟರಿ ಕಡಿದು ಹೋದ ಸಂಕಟವನ್ನು ನನ್ನ ತಲೆಮಾರಿನವರು ಚೆನ್ನಾಗಿ ಉಂಡಿದ್ದೇವೆ. ಅದೂ ನಮ್ಮ ಭಾಷೆಯಲ್ಲಿ ಅಲ್ಲ. ಇಂಗ್ಲಿಷ್, ಹಿಂದಿ ಸರದಿಯ ಮೇಲೆ ಬರುತ್ತಿದ್ದವು. ನನಗೆ ಬರುವ ಹಿಂದಿಯ ಅಂಕಿಗಳೆಲ್ಲ ಹಾಗೆ ಕಲಿತವು.

ಕನ್ನಡಕ್ಕೆ ಆ ಕಸುವಿಲ್ಲವೆಂದೇ? ಮೈಸೂರು ದಸರೆಯ ಜಂಬೂಸವಾರಿಯನ್ನು ಆಕಾಶವಾಣಿ ಕನ್ನಡದಲ್ಲಿ ಹೇಳುವುದನ್ನು ಕೇಳಿದವರು ಹಾಗೆನ್ನಲಾರರು. ಆನೆಯ ನಡೆ, ಅಂಬಾರಿಯ ಹೊಳಪು, ಜನರ ನೂಕುನುಗ್ಗಲು ಎಲ್ಲವೂ ಮಾತಿನಲ್ಲೇ ಕಟ್ಟಿಕೊಳ್ಳುತ್ತವೆ. ಅಂದು ವೇಳಾಪಟ್ಟಿ ಸರಿದು ದಾರಿ ಬಿಡುತ್ತದೆ. ಒಂದು ದಿನಕ್ಕೆ ಸಾಧ್ಯವಾಗುವುದು ಇನ್ನೊಂದು ದಿನಕ್ಕೆ ಏಕೆ ಆಗಬಾರದು?

ಈಗ ಟಿವಿಯಲ್ಲೂ ಮೊಬೈಲಿನಲ್ಲೂ ಕನ್ನಡದ ಕ್ರಿಕೆಟ್ ವಿವರಣೆ ಸಿಗುತ್ತದಲ್ಲ, ಊರಿನ ಕಬಡ್ಡಿಯನ್ನೂ ಹುಡುಗರು ಯೂಟ್ಯೂಬಿಗೆ ಹಾಕುತ್ತಾರಲ್ಲ ಎನ್ನಬಹುದು. ಸಂತೋಷವೇ. ಆದರೆ ಟಿವಿಯ ಮಾತುಗಾರನಿಗೆ ಚೆಂಡು ಎಲ್ಲಿ ಹೋಯಿತೆಂದು ಹೇಳುವ ಹೊಣೆಯಿಲ್ಲ. ಅವನದು ಪಕ್ಕದಲ್ಲಿ ಕೂತು ಆಡುವ ಮಾತು. 'ವೀಕ್ಷಕ ವಿವರಣೆ' ಎಂಬ ನಮ್ಮ ಪದವನ್ನೇ ನೋಡಿ. ಅಲ್ಲಿ ವೀಕ್ಷಕ ಒಬ್ಬನೇ. ಉಳಿದವರೆಲ್ಲ ಅವನ ಕಣ್ಣಿನಿಂದ ಕಾಣಬೇಕಾದವರು. ಬಸ್ಸಿನ ಚಾಲಕ, ಗದ್ದೆಯಲ್ಲಿ ಬಗ್ಗಿದವಳು, ರಾತ್ರಿಪಾಳಿಯ ಕಾವಲುಗಾರ, ಕಣ್ಣಿಲ್ಲದವರು, ಇವರು ಪರದೆಯ ಮುಂದೆ ಕೂರಲಾರರು. ಇವರನ್ನು ಬಿಟ್ಟ ಮೇಲೆ ರೇಡಿಯೋಗೆ ಕೇಳುಗರು ಎಲ್ಲಿಂದ ಬರಬೇಕು? ಕೇಳುಗರಿಲ್ಲ ಎಂದು ಗೋಳಾಡುವವರು ಕೇಳುವಂಥದನ್ನು ಕೊಟ್ಟು ನೋಡಿದ್ದಾರೆಯೇ?

ಹೇಳುವವರ ಬರವಂತೂ ಇಲ್ಲ. ದಕ್ಷಿಣ ಕನ್ನಡದ ಯಾವ ಕಬಡ್ಡಿ, ವಾಲಿಬಾಲ್, ಕಂಬಳಕ್ಕಾದರೂ ಹೋಗಿ ನೋಡಿ. ಮೈಕು ಹಿಡಿದವನೊಬ್ಬ ಕನ್ನಡ ತುಳು ಬೆರೆಸಿ, ಗಂಟಲು ಹರಿಯುವಂತೆ, ಆದರೆ ಒಂದು ಹೆಸರನ್ನೂ ತಪ್ಪದೆ ಕೂಗುತ್ತಿರುತ್ತಾನೆ. ಅವನಿಗೆ ಆಟ ಗೊತ್ತು, ಆಟಗಾರನ ಮನೆತನ ಗೊತ್ತು, ಹಿಂದಿನ ವರ್ಷ ಸೋತದ್ದು ಹೇಗೆಂದೂ ಗೊತ್ತು. ಅವನ ದನಿ ಮೈದಾನದ ಬೇಲಿಯ ತನಕ ಹೋಗಿ ನಿಲ್ಲುತ್ತದೆ. ಆ ಬೇಲಿಯಿಂದ ನಿಲಯಕ್ಕೆ ಇರುವ ದೂರ ಒಂದು ಫೋನಿನಷ್ಟು. ಅದನ್ನು ಜೋಡಿಸಲು ಯಾವ ಹಕ್ಕನ್ನೂ ಯಾರಿಂದಲೂ ಕೊಳ್ಳಬೇಕಾಗಿಲ್ಲ; ಸಂಘಟಕರನ್ನು ಒಂದು ಮಾತು ಕೇಳಿದರೆ ಸಾಕು, ಅವರೇ ಕುರ್ಚಿ ಹಾಕಿ ಕಾಫಿಯನ್ನೂ ಕೊಡುತ್ತಾರೆ.