ಮುಂಬಯಿಯ ಎರಡು ಕುಂಚಗಳು

ರಾಜಕೀಯ ವ್ಯಂಗ್ಯಚಿತ್ರವೆಂದರೆ ಅಧಿಕಾರಸ್ಥರ ಕಾಲೆಳೆಯುವ ಕಲೆ ಎಂದೇ ನಾವೆಲ್ಲ ನಂಬಿದ್ದೇವೆ. ಮುಂಬಯಿಯ ಚರಿತ್ರೆ ಈ ನಂಬಿಕೆಯನ್ನು ಅಷ್ಟು ಸುಲಭವಾಗಿ ಉಳಿಯಗೊಡುವುದಿಲ್ಲ. 1854ರಲ್ಲೇ ‘ಪಾರ್ಸಿ ಪಂಚ್’ ಕಂಡಿದ್ದ ಆ ನಗರ, ಸುಮಾರು ಒಂದು ಶತಮಾನದ ನಂತರ ಒಂದೇ ಪತ್ರಿಕಾಲಯದಿಂದ ತದ್ವಿರುದ್ಧವಾದ ಎರಡು ಕುಂಚಗಳನ್ನು ಹೊರತಂದಿತು.

ಮೈಸೂರಿನ ಆರ್.ಕೆ. ಲಕ್ಷ್ಮಣ್ ಮತ್ತು ಬಾಳ್ ಠಾಕ್ರೆ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಸಹೋದ್ಯೋಗಿಗಳಾಗಿದ್ದರು. ಇಬ್ಬರೂ ಬ್ರಿಟನ್ನಿನ ಡೇವಿಡ್ ಲೋ ಅವರ ಗೆರೆಗಳಿಗೆ ಮನಸೋತವರು. ಲಕ್ಷ್ಮಣ್ ‘ಟೈಮ್ಸ್ ಆಫ್ ಇಂಡಿಯಾ’ ಸೇರಿ, 1951ರಲ್ಲಿ ‘ಯು ಸೆಡ್ ಇಟ್’ ಆರಂಭಿಸಿದರು. ಠಾಕ್ರೆ 1960ರಲ್ಲಿ ‘ಮಾರ್ಮಿಕ್’ ವಾರಪತ್ರಿಕೆ ಹೊರಡಿಸಿದರು. ನಗುವಿನ ಪತ್ರಿಕೆಯಲ್ಲೇ ಕಚೇರಿಗಳಲ್ಲಿದ್ದ ಮರಾಠೇತರರ ಹೆಸರಿನ ಪಟ್ಟಿಗಳು ಅಚ್ಚಾದವು. 1966ರಲ್ಲಿ ಶಿವಸೇನೆ ಹುಟ್ಟಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಮೊದಲು ದಕ್ಷಿಣದವರು, ಆಮೇಲೆ ಮುಸ್ಲಿಮರು. 1992-93ರ ಗಲಭೆಗಳ ಬಗ್ಗೆ ಶ್ರೀಕೃಷ್ಣ ಆಯೋಗ ಠಾಕ್ರೆಯವರನ್ನು ಹೆಸರಿಸಿಯೇ ವರದಿ ಬರೆಯಬೇಕಾಯಿತು. ಗೆರೆಯ ಕಸುವಿನಲ್ಲಿ ಠಾಕ್ರೆ ಯಾರಿಗೂ ಕಡಿಮೆಯಿರಲಿಲ್ಲ. ಆ ಕುಂಚ ಕ್ರಮೇಣ ಮಂತ್ರಿಯನ್ನು ಬಿಟ್ಟು ನೆರೆಮನೆಯವನತ್ತ ತಿರುಗಿತು, ಅಷ್ಟೆ.

ಹಾಗೆಂದು ಲಕ್ಷ್ಮಣ್‌ರನ್ನು ಪ್ರಶ್ನಾತೀತರೆಂದು ನಾವು ಹೇಳುವುದಿಲ್ಲ. ಧೋತ್ರ, ಚೌಕಳಿ ಕೋಟಿನ ಅವರ ಶ್ರೀಸಾಮಾನ್ಯ ಎಲ್ಲವನ್ನೂ ನೋಡುತ್ತಾನೆ, ಮಾತಾಡುವುದಿಲ್ಲ. ಗಿರಣಿ ಕಾರ್ಮಿಕನೂ, ಭೇಂಡಿ ಬಜಾರಿನ ಬಡವನೂ, ಧಾರಾವಿಯ ಹೆಂಗಸೂ ಆ ಕೋಟಿನೊಳಗೆ ಹಿಡಿಸುತ್ತಾರೆಯೇ ಎಂದು ಕೇಳಲೇಬೇಕು. ಆದರೂ ಅವನ ಮೌನ ಯಾರ ಮನೆಗೂ ಬೆಂಕಿ ಹಚ್ಚಲಿಲ್ಲ. ಅವನ ಮುಂದೆ ಬೆತ್ತಲಾದವರು ಅಧಿಕಾರದಲ್ಲಿದ್ದವರು ಮಾತ್ರ.

ಇದೇ ನಗರದಲ್ಲಿ 2012ರಲ್ಲಿ ಅಸೀಮ್ ತ್ರಿವೇದಿ ವ್ಯಂಗ್ಯಚಿತ್ರಗಳಿಗಾಗಿ ರಾಜದ್ರೋಹದ ಆರೋಪ ಹೊತ್ತು ಬಂಧಿತರಾದರು. ವಿವೇಚನೆಯಿಲ್ಲದೆ ಬಂಧಿಸಲಾಗಿತ್ತೆಂದು 2015ರಲ್ಲಿ ಬಾಂಬೆ ಹೈಕೋರ್ಟ್ ಟೀಕಿಸಿತು. ಆಗ ನಾವೆಲ್ಲ ಅಭಿವ್ಯಕ್ತಿ ಸ್ವಾತಂತ್ರ್ಯದ ಪರ ಮಾತಾಡಿದೆವು. ಆದರೆ ಅದೇ 2015ರ ಜನವರಿಯಲ್ಲಿ, ಫ್ರಾನ್ಸಿನ ‘ಶಾರ್ಲಿ ಎಬ್ಡೋ’ದ ಮುಖಪುಟವೊಂದನ್ನು ಮುದ್ರಿಸಿದ್ದಕ್ಕಾಗಿ ಉರ್ದು ದೈನಿಕ ‘ಅವಧ್‌ನಾಮಾ’ದ ಮುಂಬಯಿ ಸಂಪಾದಕಿ ಶಿರೀನ್ ದಳವಿಯವರ ಮೇಲೆ ದೂರುಗಳು ದಾಖಲಾದವು. ಅವರು ಕ್ಷಮೆ ಕೇಳಿದರೂ ಬಂಧನ ತಪ್ಪಲಿಲ್ಲ. ಪತ್ರಿಕೆಯ ಮುಂಬಯಿ ಆವೃತ್ತಿಯೂ ಮುಚ್ಚಿತು. ಆ ಚಿತ್ರ ನಮಗೂ ನೋವು ತಂದಿತ್ತು. ಆದರೆ ನೋವಿಗೆ ಉತ್ತರ ಲೇಖನಿಯೋ, ಪೊಲೀಸ್ ಠಾಣೆಯೋ? ದುರ್ಬಲರನ್ನು ಅಣಕಿಸುವ ಚಿತ್ರವನ್ನು ಖಂಡಿಸುವ ಹಕ್ಕು ನಮಗಿದೆ, ಖಂಡಿಸುತ್ತೇವೆ. ಕ್ಷಮೆ ಕೇಳಿದ ಹೆಣ್ಣುಮಗಳೊಬ್ಬಳ ಅನ್ನ ಕಿತ್ತುಕೊಳ್ಳುವುದು ಖಂಡನೆಯಲ್ಲ.

ಇಂದು ವ್ಯಂಗ್ಯಚಿತ್ರ ಪತ್ರಿಕೆಯಿಂದ ಮೊಬೈಲಿಗೆ ಇಳಿದಿದೆ. ಅಲ್ಲಿ ತಿದ್ದುವ ಸಂಪಾದಕನಿಲ್ಲ. ಟೋಪಿ, ಗಡ್ಡ ಬರೆದರೆ ಸಾಕು, ‘ದೇಶದ್ರೋಹಿ’ ಸಿದ್ಧ. ಮಂತ್ರಿಯ ಮೂಗು ಬರೆದರೆ ಮಾತ್ರ ಮೊಕದ್ದಮೆಯ ಭಯ. ಇದು ಗೆದ್ದ ಕುಂಚ ಯಾವುದೆಂಬುದನ್ನು ಹೇಳುತ್ತದೆ. ಮುಂಬಯಿಯ ವ್ಯಂಗ್ಯಚಿತ್ರಕ್ಕೆ ಭವಿಷ್ಯವಿದೆಯೇ ಎಂದು ಕೇಳುವವರಿಗೆ ನಾವು ಹೇಳುವುದಿಷ್ಟೆ: ಗೆರೆ ಎಳೆಯುವ ಕೈಗಳಿಗೆ ಅಲ್ಲಿ ಬರವಿಲ್ಲ. ಆ ಗೆರೆ ಕುರ್ಚಿಯತ್ತ ಹೋಗುವುದೋ, ಗುಡಿಸಲಿನತ್ತ ಹೋಗುವುದೋ ಎಂಬುದನ್ನು ಚಿತ್ರಕಾರನಷ್ಟೇ, ಅದನ್ನು ನೋಡಿ ನಗುವ ನಾವೂ ತೀರ್ಮಾನಿಸುತ್ತೇವೆ.