ತಗ್ಗು ನುಂಗುವ ಎಣ್ಣೆ

ಬರೀ ಸ್ಪ್ರಿಂಗಿನ ಮೇಲೆ ಗಾಡಿ ಓಡಿಸಿದರೆ ಒಂದು ತಗ್ಗು ದಾಟಿದ ಮೇಲೂ ಅದು ಕುಣಿಯುತ್ತಲೇ ಇರುತ್ತದೆ. ಆ ಕುಣಿತಕ್ಕೆ ಲಗಾಮು ಹಾಕುವುದು ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಅದು ಬಲವಂತವಾಗಿ ನುಗ್ಗುವಾಗ ಏಟಿನ ರಭಸವೆಲ್ಲ ಬಿಸಿಯಾಗಿ ಹೋಗುತ್ತದೆ. ಹಳಿಯಾಳ ದಾಟಿ ದಾಂಡೇಲಿ ಕಡೆಯ ಕಚ್ಚಾ ದಾರಿಯಲ್ಲಿ ಚೆನ್ನಾಗಿ ಓಡಿಸಿ, ಇಳಿದು ಹಿಂದಿನ ಶಾಕ್ ಮುಟ್ಟಿ ನೋಡಿ. ಕೈಗೆ ತಾಗುವ ಆ ಬಿಸಿ ನಿಮ್ಮ ಬೆನ್ನಿಗೆ ಬೀಳಬೇಕಿದ್ದ ಪೆಟ್ಟು.

ಹುಬ್ಬಳ್ಳಿಗೆ ಈ ವಿದ್ಯೆ ಹೊಸದಲ್ಲ. 1880ರ ದಶಕದಿಂದ ಇಲ್ಲಿರುವ ರೈಲ್ವೆ ವರ್ಕ್‌ಶಾಪಿಗೆ ದುರಸ್ತಿಗೆ ಬರುವ ಹಳೆಯ ಐಸಿಎಫ್ ಮಾದರಿಯ ಬೋಗಿಗಳ ಗಾಲಿ ಮಗ್ಗುಲಲ್ಲೂ ಕುಲುಕಾಟ ತಡೆಯಲು ಎಣ್ಣೆಯೇ ಇರುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿನಗರದ ಆಚೀಚೆ ಎರಡು ನೆಲ. ಪಡುವಣಕ್ಕೆ ಮಲೆನಾಡಿನ ಸೆರಗು, ಕೆಂಪು ಮಣ್ಣು, ಕಲ್ಲು. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿಯ ಎರೆಭೂಮಿ. ಕಲ್ಲು ಶಾಕನ್ನು ಬಡಿಯುತ್ತದೆ ಅಷ್ಟೆ, ಕೊಲ್ಲುವುದು ಎರೆಮಣ್ಣು. ಮಳೆಯಲ್ಲಿ ಮೆತ್ತಿದ್ದು ಬೈಕಿನ ಮುಂದಿನ ಫೋರ್ಕಿನ ಪೈಪಿನ ಮೇಲೆಯೇ ಒಣಗಿ, ಪ್ರತಿ ಏರಿಳಿತಕ್ಕೂ ಸೀಲಿನ ಅಂಚನ್ನು ಉಜ್ಜುತ್ತದೆ. ಮೊದಲು ಡಸ್ಟ್ ಸೀಲ್ ಹೋಗುತ್ತದೆ, ಬೆನ್ನಿಗೇ ಆಯಿಲ್ ಸೀಲ್. ಪೈಪಿನ ಸುತ್ತ ಜಿಡ್ಡಿನ ಗೆರೆ ಕಂಡಿತೆಂದರೆ ಎಣ್ಣೆ ಹೊರಗೆ ಬರುತ್ತಿದೆ, ಮಣ್ಣು ಒಳಗೆ ಹೋಗಿಯಾಗಿದೆ.

ಕೈಪಳಗಿದ ಮೇಸ್ತ್ರಿ ಫೋರ್ಕ್ ಬಿಚ್ಚುವುದನ್ನು ಸ್ಟೂಲು ಹಾಕಿಕೊಂಡು ನೋಡಬೇಕು. ಹಳೆ ಎಣ್ಣೆ ಡಬ್ಬಿಗೆ ಇಳಿಯುತ್ತದೆ: ಬೂದು ಬಣ್ಣ, ಬಿಸಿಲಿಗೆ ಹಿಡಿದರೆ ಲೋಹದ ಪುಡಿಯ ಹೊಳಪು. 'ನೋಡ್ರಿ ಸರ, ಗಟಾರದ ನೀರ ಆಗೇತಿ.' ಆಮೇಲೆ ಆತ ಪೈಪಿನುದ್ದಕ್ಕೂ ಉಗುರು ಎಳೆಯುತ್ತಾನೆ. ಕಣ್ಣಿಗೆ ಕಾಣದ ಚುಕ್ಕೆಗೂ ಉಗುರು ತೊಡರುತ್ತದೆ. ಸಣ್ಣದಾದರೆ ನುಣುಪು ಎಮರಿ ಕಾಗದ ಸಾಕು, ಆಳವಾಗಿದ್ದರೆ ಪೈಪಿಗೆ ಹೊಸ ಕ್ರೋಮ್ ಆಗಬೇಕು. ಹೊಸ ಸೀಲ್ ಏರಿಸುವ ಮುನ್ನ ಪೈಪಿನ ಬಾಯಿಗೆ ಒಂದು ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ಎಣ್ಣೆ ಸವರುತ್ತಾನೆ, ಚೂಪು ಅಂಚು ಸೀಲನ್ನು ಕೊಯ್ಯಬಾರದೆಂದು. ಆ ಚೀಲದ ಬೆಲೆ ಏನೂ ಇಲ್ಲ. ಮೇಸ್ತ್ರಿಯ ಯೋಗ್ಯತೆಯನ್ನು ನಾನು ಅಳೆಯುವುದು ಅದರಿಂದಲೇ. ಎಣ್ಣೆ ತುಂಬಿ ನಿಧಾನವಾಗಿ ಮೇಲೆ ಕೆಳಗೆ ಆಡಿಸುವಾಗ ಮೊದಮೊದಲು ಗುಳಗುಳ ಸದ್ದು. ಗಾಳಿಯೆಲ್ಲ ಹೊರಟು ಸದ್ದು ನಿಂತ ಮೇಲಷ್ಟೇ, ಸ್ಪ್ರಿಂಗ್ ಇಲ್ಲದೆ ಫೋರ್ಕನ್ನು ಪೂರ್ತಿ ಕುಗ್ಗಿಸಿ, ಬಾಯಿಯಿಂದ ಎಣ್ಣೆ ಎಷ್ಟು ಕೆಳಗಿದೆ ಎಂದು ಅಳತೆ ನೋಡುವುದು.

ಹಿಂದಿನ ಗ್ಯಾಸ್ ಶಾಕ್ ಇನ್ನೂ ಸೂಕ್ಷ್ಮ. ಪಿಸ್ಟನ್ನಿನ ಎರಡೂ ಬದಿಗೆ ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳು. ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಇವಕ್ಕೆ ಶಿಮ್ ಎನ್ನುತ್ತಾರೆ. ಬಿಚ್ಚಿದ ಕ್ರಮದಲ್ಲೇ ಅವನ್ನು ತಂತಿಗೆ ಪೋಣಿಸಿಡಬೇಕು. ಒಂದು ಅದಲುಬದಲಾದರೂ ಗಾಡಿಯ ಸ್ವಭಾವವೇ ಬದಲಾಗುತ್ತದೆ. ಬಿಸಿಯೇರಿದ ಎಣ್ಣೆ ನೊರೆಯೆದ್ದರೆ ಶಾಕ್ ಸೋಲುತ್ತದೆ. ಅದಕ್ಕೇ ಸಾರಜನಕವನ್ನು ಒತ್ತಡದಲ್ಲಿ ತುಂಬುವ ಉಪಾಯ ಬಂತು. ಫ್ರಾನ್ಸಿನ ಬುರ್ಸಿಯೇ ದ ಕಾರ್ಬೋನ್ ಎಂಬವರು 1950ರ ದಶಕದಲ್ಲಿ ರೂಪಿಸಿದ್ದು ಇದನ್ನೇ. ಆಫ್‌ರೋಡ್ ಶಾಕುಗಳಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಇರುತ್ತದೆ, ಕಾರಿನ ಟೈರಿನ ಐದಾರು ಪಟ್ಟು. ಗ್ಯಾಸ್ ಬಿಡದೆ ಇದನ್ನು ಬಿಚ್ಚುವ ಧೈರ್ಯ ಯಾರೂ ಮಾಡಬಾರದು.

ಇಷ್ಟೆಲ್ಲ ಆದಮೇಲೆ ಸೀಟಿನ ಮೇಲೆ ಅಂಗೈಯೂರಿ ಒತ್ತುವ ಕ್ಷಣವಿದೆಯಲ್ಲ, ನನಗೆ ರುಚಿಯೆಲ್ಲ ಅಲ್ಲಿದೆ. ಒತ್ತಿದರೆ ಸಲೀಸಾಗಿ ಇಳಿಯಬೇಕು. ಏಳುವಾಗ ಗಡಿಬಿಡಿ ಕೂಡದು: ಕೈಗೆ ಮೆತ್ತಿಕೊಂಡಂತೆ, ತಡೆದು ತಡೆದು ಬಂದು, ಒಂದೇ ಸಲಕ್ಕೆ ನಿಲ್ಲಬೇಕು. ಸತ್ತ ಶಾಕ್ ಚಂಗನೆ ಜಿಗಿದು ಮತ್ತೆ ಕುಸಿಯುತ್ತದೆ.

ಹಳೆ ಜೀಪುಗಳ ಸೀಲಾದ ಶಾಕ್ ಬಿಚ್ಚಲು ಬರುವುದಿಲ್ಲ. ಸೋರಿದರೆ ಹೊಸ ಜೋಡಿ ಹಾಕುವುದೇ ಸೈ. ಬಿಚ್ಚಲು ಬರುವಂಥದ್ದಿದ್ದರೆ ಮಾತ್ರ ಗುಜರಿಗೆ ಹಾಕಬೇಡಿ. ಎರೆಹೊಲದಿಂದ ಬಂದ ದಿನವೇ ಪೈಪನ್ನು ಒದ್ದೆ ಬಟ್ಟೆಯಿಂದ ಒರೆಸಿ. ಫೋರ್ಕಿನ ಸೀಲ್ ಬದಲಿಸುವಾಗ ಎರಡೂ ಕಾಲಿಗೆ ಒಟ್ಟಿಗೇ ಹಾಕಿಸಿ, ಹಳೆ ಎಣ್ಣೆಯನ್ನು ನಿಮ್ಮೆದುರಿಗೇ ಇಳಿಸಲು ಹೇಳಿ.