ಸಲ್ಲದ ಕುತೂಹಲ: ಸೆರ್ವಾಂಟಿಸನ ಒಂದು ವಿಶೇಷಣ

ಭಾಷಾಂತರಕಾರನ ಶಕ್ತಿಯನ್ನು ದೀರ್ಘ ವಾಕ್ಯಗಳಿಗಿಂತ ಒಂದು ಚಿಕ್ಕ ವಿಶೇಷಣವೇ ಹೆಚ್ಚು ಕಠಿಣವಾಗಿ ಪರೀಕ್ಷಿಸುವುದುಂಟು. 1605ರಲ್ಲಿ ಪ್ರಕಟವಾದ 'ಡಾನ್ ಕ್ವಿಕ್ಸೋಟ್' ಮೊದಲ ಭಾಗದ 33ರಿಂದ 35ರವರೆಗಿನ ಅಧ್ಯಾಯಗಳಲ್ಲಿ ಸೆರ್ವಾಂಟಿಸನು ಒಂದು ಉಪಕಥೆಯನ್ನು ಸೇರಿಸಿದ್ದಾನೆ. ಅದರ ಹೆಸರು 'ಎಲ್ ಕುರಿಯೋಸೊ ಇಂಪೆರ್ತಿನೆಂತೆ'. ಕುರಿಯೋಸೊ ಎಂದರೆ ಕುತೂಹಲಿ. ಆದರೆ ಅವನು ಎಂತಹ ಕುತೂಹಲಿ? ಈ ಪ್ರಶ್ನೆಗೆ ಇಂಗ್ಲಿಷ್ ಭಾಷಾಂತರಕಾರರು ಕೊಟ್ಟಿರುವ ಉತ್ತರಗಳು ಒಂದೇ ಬಗೆಯವಲ್ಲ.

ಕಥೆಯ ಸಾರವಿಷ್ಟು. ಫ್ಲಾರೆನ್ಸ್ ನಗರದ ಆನ್ಸೆಲ್ಮೋವಿಗೆ ಸಾಧ್ವಿಯಾದ ಮಡದಿಯಿದ್ದಾಳೆ, ಪ್ರಾಣಮಿತ್ರನಿದ್ದಾನೆ. ಮಡದಿ ಕಮೀಲಳ ಶೀಲವನ್ನು ಪರೀಕ್ಷಿಸಬೇಕೆಂಬ ಹಂಬಲ ಅವನನ್ನು ಹಿಡಿಯುತ್ತದೆ. ಅವಳನ್ನು ಮೋಹಿಸುವವನಂತೆ ನಟಿಸೆಂದು ಮಿತ್ರ ಲೋತಾರಿಯೋವನ್ನು ಕಾಡುತ್ತಾನೆ. ಲೋತಾರಿಯೋ ಬಹುವಾಗಿ ಬುದ್ಧಿ ಹೇಳಿ, ಕಡೆಗೆ ಒಪ್ಪುತ್ತಾನೆ. ನಟನೆ ನಿಜವಾಗುತ್ತದೆ, ಮೂವರೂ ಹಾಳಾಗುತ್ತಾರೆ.

1612ರಲ್ಲಿ ಥಾಮಸ್ ಶೆಲ್ಟನ್ 'ದಿ ಕ್ಯೂರಿಯಸ್ ಇಂಪರ್ಟಿನೆಂಟ್' ಎಂದು ಪದಕ್ಕೆ ಪದವಿಟ್ಟನು. ಇಲ್ಲಿ ಪದಗಳು ಉಳಿದವು, ಸಂಬಂಧ ತಲೆಕೆಳಗಾಯಿತು. ಈ ಸ್ಪ್ಯಾನಿಷ್ ಹೆಸರಿನಲ್ಲಿ ವಿಶೇಷ್ಯ ಮೊದಲು, ವಿಶೇಷಣ ಅನಂತರ. ಇಂಗ್ಲಿಷಿನಲ್ಲಿ, ಕನ್ನಡದಲ್ಲಿರುವಂತೆಯೇ, ವಿಶೇಷಣ ಮುಂದಿರುತ್ತದೆ. ಆದ್ದರಿಂದ ಮೂಲದ ಕುತೂಹಲಿಯು ಕುತೂಹಲವುಳ್ಳ ಉದ್ಧಟನಾದನು. 1885ರಲ್ಲಿ ಜಾನ್ ಆರ್ಮ್ಸ್‌ಬಿ 'ಇಲ್-ಅಡ್ವೈಸ್ಡ್ ಕ್ಯೂರಿಯಾಸಿಟಿ' ಎಂದನು: ಅವಿವೇಕದ ಕುತೂಹಲ. ಅರ್ಥ ಸಮೀಪವಾಯಿತು, ಆದರೆ ವ್ಯಕ್ತಿ ಮರೆಯಾಗಿ ಗುಣವೊಂದೇ ಉಳಿಯಿತು. 2003ರಲ್ಲಿ ಈಡಿತ್ ಗ್ರಾಸ್‌ಮನ್ ವ್ಯಕ್ತಿಯನ್ನು ಮರಳಿ ತಂದು, 'ರೆಕ್‌ಲೆಸ್‌ಲಿ ಕ್ಯೂರಿಯಸ್' ಆದ ಮನುಷ್ಯ ಎಂದರು: ಪರಿಣಾಮವನ್ನು ಲೆಕ್ಕಿಸದ ಕುತೂಹಲಿ.

ಈ ಕೊನೆಯ ಮಾತು ಇಂದಿನ ಓದುಗನಿಗೆ ಸುಲಭವಾಗಿ ಮುಟ್ಟುತ್ತದೆ. ಅದಕ್ಕೆ ಮೂಲದಲ್ಲಿ ಆಧಾರವೂ ಇಲ್ಲದಿಲ್ಲ. ಲಾಭಕ್ಕಿಂತ ಹಾನಿಯೇ ಹೆಚ್ಚಾಗಬಹುದಾದ ಕಾರ್ಯಕ್ಕೆ ಕೈಯಿಕ್ಕುವವರನ್ನು ಲೋತಾರಿಯೋ 'ತೆಮೆರಾರಿಯೊ' ಎಂಬ ಪದದಿಂದ ಖಂಡಿಸುತ್ತಾನೆ. ದುಡುಕಿಗೆ, ಹುಂಬತನಕ್ಕೆ ಸ್ಪ್ಯಾನಿಷಿನಲ್ಲಿ ನೇರವಾಗಿ ಒಪ್ಪುವ ವಿಶೇಷಣವದು. ಆ ಪದ ಕೈಯಲ್ಲಿದ್ದೂ ಸೆರ್ವಾಂಟಿಸನು ಕಥೆಯ ಹೆಸರಿಗೆ ಅದನ್ನು ತೆಗೆದುಕೊಳ್ಳಲಿಲ್ಲವೆಂಬುದೇ ವಿಚಾರಾರ್ಹವಾದ ಸಂಗತಿ. ಸಾಯುವ ಮುನ್ನ ಬರೆದ ಅಪೂರ್ಣ ಪತ್ರದಲ್ಲಿ ಆನ್ಸೆಲ್ಮೋ ತನ್ನ ಆಸೆಯನ್ನು ಮೂರ್ಖವೆಂದು ಕರೆದು, ಅದರೊಡನೆ ಹೆಸರಿನ ವಿಶೇಷಣವನ್ನೇ ಬಳಸುತ್ತಾನೆ.

ಆನ್ಸೆಲ್ಮೋ ನಿಜವಾಗಿ ದುಡುಕಿನವನೇ? ಅವನ ನಡತೆ ಬೇರೆಯದನ್ನು ಹೇಳುತ್ತದೆ. ಕಮೀಲಳಿಗೆ ಆಮಿಷವೊಡ್ಡಲು 2,000 ಚಿನ್ನದ ಎಸ್ಕುದೊ, ಒಡವೆಗಳಿಗೆ ಮತ್ತೆ ಅಷ್ಟೇ ಹಣವನ್ನು ಅವನು ಗೊತ್ತುಮಾಡುತ್ತಾನೆ. ಬೀಗದ ರಂಧ್ರದಲ್ಲಿ ಕಣ್ಣಿಟ್ಟು ಕಾಯುತ್ತಾನೆ. ನೆಪ ಹೂಡಿ ಊರು ಬಿಡುತ್ತಾನೆ. ಇದು ಲೆಕ್ಕವಿಟ್ಟು ನಡೆಸಿದ ಪ್ರಯೋಗ. ಅವನ ದೋಷವು ಎಚ್ಚರಗೇಡಿತನಕ್ಕಿಂತ ಮಿಗಿಲಾದದ್ದು: ಪರೀಕ್ಷೆಗೆ ಒಳಪಡಿಸಬಾರದ ವಿಶ್ವಾಸವನ್ನು ಅವನು ಪರೀಕ್ಷೆಗೊಡ್ಡಿದನು. ಅಪಾಯವೇ ಸಂಭವಿಸದೆ, ಕಮೀಲ ಗೆದ್ದಿದ್ದರೂ ಆ ದೋಷ ದೋಷವಾಗಿಯೇ ಉಳಿಯುತ್ತಿತ್ತು. ಗ್ರಾಸ್‌ಮನ್ನರ ಪದವು ಫಲವನ್ನು ನೋಡಿ ತೀರ್ಪು ಕೊಡುತ್ತದೆ. ಸೆರ್ವಾಂಟಿಸನ ಪದವು ಕಾರ್ಯದ ಔಚಿತ್ಯವನ್ನೇ ಪ್ರಶ್ನಿಸುತ್ತದೆ. ಆ ಪದದ ಲ್ಯಾಟಿನ್ ಮೂಲಕ್ಕೆ 'ಸಂಬಂಧಪಡದ' ಎಂಬುದೇ ಅರ್ಥ.

1615ರ ಎರಡನೆಯ ಭಾಗದ ಮೂರನೆಯ ಅಧ್ಯಾಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಈ ಉಪಕಥೆ ಕೆಟ್ಟದ್ದೆಂದಲ್ಲ, ಆ ಸ್ಥಳಕ್ಕೆ ಸೇರಿದ್ದಲ್ಲವೆಂದು ಓದುಗರು ಆಕ್ಷೇಪಿಸಿದ್ದಾರೆಂದು ಸಾನ್ಸೋನ್ ಕರ್ರಾಸ್ಕೋ ಹೇಳುತ್ತಾನೆ. ಎಂದರೆ ನಾಯಕನಂತೆ ಕಥೆಯೂ 'ಇಂಪೆರ್ತಿನೆಂತೆ'! 'ರೆಕ್‌ಲೆಸ್' ಎಂದೊಡನೆ ಈ ಪ್ರತಿಧ್ವನಿ ಅಡಗಿಹೋಗುತ್ತದೆ.

ಇಂಗ್ಲಿಷಿನ ಮೂಲಕವೇ ಸೆರ್ವಾಂಟಿಸನನ್ನು ಬಲ್ಲ ಕನ್ನಡಿಗನು ಭಾಷಾಂತರಕ್ಕೆ ತೊಡಗಿದರೆ, ಗ್ರಾಸ್‌ಮನ್ನರಿಂದ 'ದುಡುಕಿನ ಕುತೂಹಲಿ'ಯನ್ನೂ ಶೆಲ್ಟನ್ನನಿಂದ 'ಉದ್ಧಟ'ನನ್ನೂ ಪಡೆದಾನು. 'ಅಧಿಕಪ್ರಸಂಗಿ' ಎಂಬ ಮಾತಿನಲ್ಲಿ ಪ್ರಸಂಗವನ್ನು ಮೀರಿದ ಭಾವವೇನೋ ಇದೆ. ಆದರೆ ಮಕ್ಕಳನ್ನು ಗದರಿಸುವ ಆ ಮಾತು ಮೂರು ಜೀವಗಳನ್ನು ಬಲಿಗೊಂಡ ದೋಷದ ಭಾರವನ್ನು ಹೊರಲಾರದು. 'ಸಲ್ಲದ' ಎಂಬ ಅಚ್ಚಗನ್ನಡ ಪದವು ಮೂಲಕ್ಕೆ ಹೆಚ್ಚು ಹತ್ತಿರ. ಸಲ್ಲುವುದೆಂದರೆ ಸೇರುವುದು, ತಕ್ಕುದಾಗಿರುವುದು. ಆನ್ಸೆಲ್ಮೋ ಸಲ್ಲದ ಕುತೂಹಲದವನು. ಅವನ ಕಥೆಯೂ ಆ ಸ್ಥಳಕ್ಕೆ ಸಲ್ಲದ್ದೆಂಬ ಆಕ್ಷೇಪಕ್ಕೆ ಗುರಿಯಾಯಿತು. ಇಂಗ್ಲಿಷಿನ ಮೂವರು ಬೇರೆ ಬೇರೆಯಾಗಿ ಹಂಚಿಕೊಂಡದ್ದನ್ನು ಈ ಒಂದು ಪದ ಹಿಡಿದಿಡಬಲ್ಲುದು. ಭಾಷಾಂತರಕಾರನು ನಡುವಣ ಭಾಷೆಯ ತೀರ್ಪನ್ನು ಒಪ್ಪಿಕೊಳ್ಳುವ ಮುನ್ನ ತನ್ನ ನುಡಿಯ ಭಂಡಾರವನ್ನೊಮ್ಮೆ ತೆರೆದು ನೋಡುವುದು ಲೇಸು.